ಒಂಬತ್ತನೇ ಮನೆಯ ಗಂಟೆ

ಆಗಸ್ಟ್ ತಿಂಗಳ ಮೂರನೇ ಶನಿವಾರ. ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಸ್ಥಳ: ಕಲಬುರಗಿಯ ಕುಸನೂರ, ವಿಮಲಾಳ ಮನೆಯ ಹಿಂದಿನ ಕೋಣೆ. ಹಾಜರಿದ್ದವರು: ಮಂಚದ ಮೇಲೆ ಶಾಂತಮ್ಮ, ಬಾಗಿಲಲ್ಲಿ ಆಕೆಯ ಮಗಳು ವಿಮಲಾ, ಕುರ್ಚಿಯಲ್ಲಿ ಬಿಪಿ ಮಷಿನ್ ಹಿಡಿದ ನಾನು.

(ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತೈದು ವರ್ಷ ರಿಪೋರ್ಟ್ ಬರೆದವಳು ನಾನು. ತಾರೀಖು, ವೇಳೆ, ಹಾಜರಿ ಹಾಕದೆ ನನ್ನ ಪೆನ್ನು ಮುಂದೆ ಸರಿಯುವುದಿಲ್ಲ. ಪೇಪರಿನಲ್ಲಿ ನನ್ನನ್ನು ಓದುವ ನಿಮಗಿದು ಹಳೆಯ ಸುದ್ದಿ.)

ಶನಿವಾರ ವಾಕಿಂಗ್ ಮುಗಿಸಿ ಶಾಂತಮ್ಮನ ಬಿಪಿ ನೋಡುವುದು ಎರಡು ವರ್ಷದಿಂದ ನನ್ನ ನೇಮ. ಪಟ್ಟಿ ಸುತ್ತುತ್ತೇನೆ, ಗಾಳಿ ತುಂಬುತ್ತೇನೆ, ಬರೆದುಕೊಳ್ಳುತ್ತೇನೆ, ಚಹಾ ಕುಡಿಯುತ್ತೇನೆ. ಏಳು ಗಂಟೆಗೆ ಎದ್ದು ಹೊರಡುತ್ತೇನೆ.

ಅವತ್ತು "ಕೈ ಕೊಡ್ರಿ" ಎಂದೆ. ಶಾಂತಮ್ಮ ಕೊಡಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದರು. ಮತ್ತೊಮ್ಮೆ ಕೇಳಿದೆ.

"ಸತ್ತವರ ಬಿಪಿ ಯಾಕ ನೋಡ್ತೀರಿ ಸಿಸ್ಟರ್?"

ವಿಮಲಾಳ ಮುಖ ನೋಡಿದೆ. ಅವಳು ಕಣ್ಣಿನಲ್ಲೇ ಅಡುಗೆಮನೆಗೆ ಕರೆದಳು. ಹೋದೆ. ಹಾಲು ಉಕ್ಕಿತು, ಅವಳು ಒಲೆ ಸಣ್ಣ ಮಾಡಿದಳು. ಆಮೇಲೆ ಒಲೆಗೇ ಹೇಳುವವಳಂತೆ ಹೇಳಿದಳು: ಹೋದ ಭಾನುವಾರ ಚರ್ಚಿನ ಚಾವಿ ಬರಬೇಕಿತ್ತು. ಬರಲಿಲ್ಲ. ಅವ್ವ ಆರು ದಿನದಿಂದ ಸರಿಯಾಗಿ ಉಂಡಿಲ್ಲ. ಫೋನ್ ಮಾಡಿ ಕೇಳೋಣವೆಂದರೆ, ಪಾಳಿ ಬೇಡಿ ತಗೊಳ್ಳುವ ಚೀಜ್ ಅಲ್ಲ ಎನ್ನುತ್ತಾಳೆ. ಕೊನೆಗೆ ವಿಮಲಾಳೇ ಕದ್ದು ಫೋನ್ ಮಾಡಿದ್ದಳು.

"ಏನಂದ್ರು?"

"ಫೋನ್ ತಗೊಂಡಂವ ಸಣ್ಣ ಹುಡುಗ. ಪಟ್ಟಿಯಾಗ ಅವ್ವನ ಹೆಸರಿಲ್ಲಂತ ಅಂದ." ವಿಮಲಾ ಲೋಟ ತೊಳೆಯುತ್ತಲೇ ಇದ್ದಳು. "ಪಟ್ಟಿ ನೀವೇ ಮಾಡಿದ್ದಂತಲ್ರಿ, ಸಿಸ್ಟರ್."

ಹೌದು. ನಾನೇ ಮಾಡಿದ್ದು. ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಸೂಪರ್ ಮಾರ್ಕೆಟ್‌ನಲ್ಲಿ ಜೆರಾಕ್ಸ್ ಅಂಗಡಿಯವನಿಂದ ಲ್ಯಾಮಿನೇಷನ್ ಹಾಕಿಸಿ, ನಾಲ್ಕು ಮೂಲೆಗೂ ತೂತು ಕೊರೆಸಿ ಕಳಿಸಿದ ಪಟ್ಟಿ. ಅಷ್ಟು ಚೊಕ್ಕ ಪಟ್ಟಿ ನಾನು ಸರ್ವಿಸಿನಲ್ಲಿದ್ದಾಗಲೂ ಮಾಡಿರಲಿಲ್ಲ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಾಂತಮ್ಮ ನಮ್ಮ ವಾರ್ಡಿನ ಆಯಾ ಆಗಿದ್ದವರು. ನಾನು ಇಪ್ಪತ್ತೆರಡರ ಹುಡುಗಿ, ಹೊಸ ಸ್ಟಾಫ್ ನರ್ಸ್. ನೈಟ್ ಡ್ಯೂಟಿಯವರು ಡೇ ಡ್ಯೂಟಿಯವರಿಗೆ ವಾರ್ಡ್ ಒಪ್ಪಿಸುವುದು ಹೇಗೆ ಎಂದು ಕಲಿಸಿದ್ದು ಮೇಟ್ರನ್ ಅಲ್ಲ, ಈ ಆಯಾ. "ಟೇಬಲ್ ಮ್ಯಾಲ ಬುಕ್ ಇಟ್ಟು ಹೋದ್ರ ಅದು ಒಪ್ಪಿಸಿದ್ದಲ್ಲ ಸಿಸ್ಟರ್. ಹಾಸಿಗಿ ಹಾಸಿಗಿಗಿ ನಿಂತು ಹೇಳಬೇಕು. ಕೇಳೋರು ಕೇಳಬೇಕು" ಎಂದಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದ್ದೆ. ನಮ್ಮ ಗುಡಿಯಲ್ಲಿ ಎಂದಿದ್ದರು. ಗುಡಿ ಎಂದರೆ ಅವರ ಊರಿನ ಚರ್ಚು.

ಊರು ಅಂದೆ. ಊರಲ್ಲ, ಒಂಬತ್ತು ಮನೆ. ಕಮಲಾಪುರ ದಾಟಿ ತೊಗರಿ ಹೊಲಗಳ ನಡುವೆ ಒಳಗೆ ಹೋದರೆ ಹಳ್ಳವೊಂದು ಎರಡಾಗಿ ಸೀಳಿ, ಸ್ವಲ್ಪ ದೂರ ಹರಿದು, ಮತ್ತೆ ಕೂಡಿಕೊಳ್ಳುತ್ತದೆ. ನಡುವೆ ಉಳಿದ ದಿಬ್ಬಕ್ಕೆ ನಡುಗಡ್ಡಿ ಎನ್ನುತ್ತಾರೆ. ಬೇಸಿಗೆಯಲ್ಲಿ ಚಪ್ಪಲಿ ಕಳೆಯದೆ ದಾಟಬಹುದು. ಮಳೆಗಾಲದಲ್ಲಿ ಅದು ನಿಜವಾದ ದ್ವೀಪ. ತಗ್ಗಿನ ಪೂಲ್ ಒಂದಿದೆ (ಸೇತುವೆಗೆ ನಮ್ಮ ಕಡೆ ಹಾಗೇ ಅನ್ನುವುದು). ದೊಡ್ಡ ಮಳೆ ಬಂದರೆ ಅದೂ ನೀರಿನ ಕೆಳಗೆ.

ಅಲ್ಲಿ ಕ್ಯಾಥೊಲಿಕ್ ಚರ್ಚು ಹೇಗೆ ಬಂತು? ಕಲ್ಲಿನಿಂದ ಬಂತು. ಶಾಂತಮ್ಮನ ಮಾವನ ಕಾಲದಲ್ಲಿ ದೊಡ್ಡ ರಸ್ತೆಗೆ ಸೇತುವೆ ಕಟ್ಟಲು ಆಂಧ್ರದ ಕಡೆಯಿಂದ ಕಲ್ಲುಕುಟಿಗರು ಬಂದರು. ತೆಲುಗು ಮಾತಾಡುವ ಮೂರು ಸಂಸಾರ, ಕೊರಳಲ್ಲಿ ಜಪಸರ. ಸೇತುವೆ ಮುಗಿಯಿತು, ಕಾಂಟ್ರಾಕ್ಟರ್ ಹೋದ. ಇವರು ಉಳಿದರು. ದಿಬ್ಬದ ಒಡೆಯರಾಗಿದ್ದ ಗೌಡರು, "ಮಳಿಗಾಲದಾಗ ನನಗ ಹೋಗ್ಲಾಕ ಬರಲ್ಲ, ಬ್ಯಾಸಗಿಯಾಗ ಅಲ್ಲಿ ಕಲ್ಲ ಬಿಟ್ರ ಏನಿಲ್ಲ. ನಿಮಗ ಕಲ್ಲಂದ್ರ ಪಿರೂತಿ, ಇರ್ರಿ ಅಲ್ಲೇ" ಎಂದರಂತೆ.

ಇದ್ದರು. ಮೂರು ಸಂಸಾರ ಬೆಳೆದು ಒಂಬತ್ತು ಮನೆಯಾದವು. ತಮಗೆ ಗುಡಿಸಲು, ದೇವರಿಗೆ ಕಲ್ಲಿನ ಮನೆ. ಫರಶಿ ಕಲ್ಲನ್ನು ಒಂದರ ಮೇಲೊಂದು ಹೊಂದಿಸಿ ಗೋಡೆ, ಫರಶಿಯದೇ ಮಾಳಿಗೆ. ಬಲಿಪೂಜೆಯ ಪೀಠವೂ ಸೇತುವೆಗೆ ಉದ್ದವಾಗಿ ಉಳಿದ ಒಂದು ಚಪ್ಪಡಿ. ಮೂವತ್ತು ಜನ ಕೂತರೆ ತುಂಬಿತು. ನನ್ನಂಥ ಕುಳ್ಳಿಯೂ ಬಾಗಿಲಲ್ಲಿ ಬಗ್ಗಬೇಕು. ಹೊರಗೆ ಬೇವಿನ ಮರಕ್ಕೆ ಕಾಂಟ್ರಾಕ್ಟರ್ ಬಿಟ್ಟುಹೋದ ರೈಲು ಹಳಿಯ ತುಂಡು. ಅದೇ ಗಂಟೆ. ಫಾದರ್ ಆಗ ಸೈಕಲ್ ಮೇಲೆ ಬರುತ್ತಿದ್ದರಂತೆ, ಈಗ ಕಾರಿನಲ್ಲಿ. ಮೊದಲೂ ಇರುತ್ತಿದ್ದುದು ಒಂದೇ ತಾಸು, ಈಗಲೂ ಒಂದೇ.

ಫಾದರ್ ಇರುವುದು ಕಲಬುರಗಿಯಲ್ಲಿ. ಹಾಗಾದರೆ ವಾರವೆಲ್ಲ ಚರ್ಚು ನೋಡುವವರು ಯಾರು? ಪಾಳಿ. ವಾರಕ್ಕೊಂದು ಮನೆ. ಕಸ ಹೊಡೆಯುವುದು, ದೀಪಕ್ಕೆ ಎಣ್ಣೆ, ಮೂರು ಹೊತ್ತು ಗಂಟೆ. ಶನಿವಾರ ಸಂಜೆ ಆರರ ಗಂಟೆ ಹೊಡೆದ ಮೇಲೆ ಚಾವಿ ಮುಂದಿನ ಮನೆಗೆ. ಬರೀ ಚಾವಿ ಕೊಟ್ಟರೆ ಆಗದು. ಕೊಡುವವರು, ಪಡೆಯುವವರು ಇಬ್ಬರೂ ಚರ್ಚಿನೊಳಗೆ ನಿಲ್ಲಬೇಕು. ಎಣ್ಣೆ ಎಷ್ಟಿದೆ, ಮಾಳಿಗೆ ಎಲ್ಲಿ ಸೋರುತ್ತಿದೆ, ಯಾರಿಗೆ ಜ್ವರ, ಯಾರ ಮನೆಯಲ್ಲಿ ಬಾಣಂತಿ, ಎಲ್ಲ ಬಾಯಿಬಿಟ್ಟು ಹೇಳಬೇಕು. ದಿಬ್ಬದ ಮೇಲಿನ ಒಂಬತ್ತು ಮನೆಯ ಕಷ್ಟಸುಖ ವಾರಕ್ಕೊಮ್ಮೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಆಡಿಟ್ ಮಾಡಿಸಿದರೂ ಆಗದ ಕೆಲಸ ಇದು.

ಈ ಜುಲೈನಲ್ಲಿ ಚರ್ಚಿನ ಮಾಳಿಗೆ ರಿಪೇರಿ ಮುಗಿಯಿತು. ನಡುಗಡ್ಡಿಯ ಹಿರಿಯ ರಾಯಪ್ಪ, ಕಲ್ಲಿನ ಕೆಲಸದ ಮನುಷ್ಯ, ನನ್ನ ಮನೆಗೆ ಬಂದರು. ನೀವು ಪೇಪರಿಗೆ ಬರೆಯುವವರು, ನಮ್ಮ ಗುಡಿಯ ಇತಿಹಾಸ ಎರಡು ಪುಟ ಬರೆದುಕೊಡಿ, ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತೇವೆ ಎಂದರು. ಬರೆದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಶಿಸ್ತಿನ ಕಾಯಿಲೆ ಇದ್ದವರು ಎಲ್ಲಿ ನಿಲ್ಲಿಸುತ್ತಾರೆ? ಕೆಳಗೆ ಪಾಳಿಯ ಪಟ್ಟಿಯನ್ನೂ ಹಾಕಿದೆ. ಸದ್ಯ ವಾಸವಿರುವ ಮನೆಗಳು ಎಂಟು. ಶಾಂತಮ್ಮನ ಮನೆಗೆ ಬೀಗ. ಲಕ್ವಾ ಹೊಡೆದು ಎಡಗಡೆ ಕೈಕಾಲು ಬಿದ್ದು ಅವರು ಮಗಳ ಮನೆಯಲ್ಲಿ ಮಲಗಿದ್ದಾರೆ. ಕಾಯಿಲೆಯವರನ್ನು ಡ್ಯೂಟಿ ಚಾರ್ಟಿನಿಂದ ತೆಗೆಯುವುದು ದಯೆಯ ಕೆಲಸ ಎಂದೇ ನಾನು ಕಲಿತದ್ದು.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಎಂಟು ಹೆಸರು ಎರಡು ಸಾಲಿಗೆ ಸರಿಯಾಗಿ ಕೂಡುತ್ತಿತ್ತು. ಒಂಬತ್ತು ಕೂಡುತ್ತಿರಲಿಲ್ಲ.

ವಿಮಲಾ ಅಡುಗೆಮನೆಯಲ್ಲಿ ಹೇಳಿದ್ದು ನನಗೆ ಗೊತ್ತೇ ಇರದ ಸಂಗತಿ. ಎರಡು ವರ್ಷದಿಂದ ಶಾಂತಮ್ಮನ ಪಾಳಿ ತಪ್ಪಿಲ್ಲ. ಅವರ ವಾರ ಬಂದಾಗ ಭಾನುವಾರ ಬೆಳಗ್ಗೆ ನಡುಗಡ್ಡಿಯಿಂದ ಯಾರಾದರೊಬ್ಬರು ಬಸ್ ಹತ್ತಿ ಚಾವಿ ತರುತ್ತಾರೆ. ಶಾಂತಮ್ಮ ರಿಪೋರ್ಟ್ ಕೇಳುತ್ತಾರೆ, ಚಾವಿಯನ್ನು ಬಲಗೈಯಲ್ಲಿ ಹಿಡಿದು ಪ್ರಾರ್ಥನೆ ಮಾಡುತ್ತಾರೆ, ಬಂದವರಿಗೆ ಊಟ ಹಾಕಿಸಿ ಚಾವಿ ವಾಪಸ್ ಕಳಿಸುತ್ತಾರೆ. ವಾರವಿಡೀ ಅವರ ಹೆಸರಿನಲ್ಲಿ ಉಳಿದವರು ಗಂಟೆ ಹೊಡೆಯುತ್ತಾರೆ. ಆರರ ಗಂಟೆಗೆ ಫೋನ್ ಹಚ್ಚಿ ಕೇಳಿಸುತ್ತಾರೆ. (ಒಮ್ಮೆ ಭಾನುವಾರ ಮಾತ್ರೆ ಕೊಡಲು ಹೋದಾಗ ಅವರ ದಿಂಬಿನ ಹತ್ತಿರ ದೊಡ್ಡ ಚಾವಿ ಕಂಡಿದ್ದೆ. ಬೀಗ ಹಾಕಿದ ಮನೆಯದು ಅಂದುಕೊಂಡು ಸುಮ್ಮನಾಗಿದ್ದೆ. ಕೇಳಬಹುದಿತ್ತಲ್ಲ?)

ಹೊರಡುವ ಮುಂಚೆ ಒಂದೇ ಪ್ರಶ್ನೆ ಕೇಳಿದೆ. ವಾರ ಮುಗಿಯುವುದು ಯಾವಾಗ?

"ಇವತ್ತು ಸಂಜೀಕ. ಆರರ ಗಂಟಿ ಹೊಡದ್ರ ಮುಗೀತು" ಎಂದಳು ವಿಮಲಾ.

ಎಂಟೂವರೆಯ ಬಸ್ಸಿನಲ್ಲಿದ್ದೆ. ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣಿನ ಗಾಡಿಗಳ ಕಡೆ ನೋಡದೆ ಟಂಟಂ ಆಟೊ ಹಿಡಿದೆ. ಹಳ್ಳದ ದಂಡೆ ಮುಟ್ಟಿದಾಗ ಹತ್ತೂಕಾಲು. ಪೂಲ್ ಕಾಣಲಿಲ್ಲ. ಕೆಂಪು ನೀರು ಅದರ ಮೇಲೆ ಮೊಣಕಾಲು ಮಟ್ಟ ಹರಿಯುತ್ತಿತ್ತು.

ಈ ಕಡೆಯ ದಂಡೆಯಲ್ಲಿ ಮಹಬೂಬನ ಚಹಾ ಅಂಗಡಿ. ಅರವತ್ತು ದಾಟಿದ ಮನುಷ್ಯ. ನನ್ನನ್ನು ಕಂಡವನೇ ಕೈ ಅಡ್ಡ ಆಡಿಸಿದ. "ನಕ್ಕೋ ಸಿಸ್ಟರ್, ನಕ್ಕೋ. ಇವತ್ತ ಆಗಲ್ಲ." ಆಮೇಲೆ ಟೋಪಿ ಸರಿಮಾಡಿಕೊಂಡು ದನಿ ಇಳಿಸಿದ. ಮುದುಕಿಯ ಮಣ್ಣು ಯಾವಾಗ ಆಯಿತು, ನಮಗ್ಯಾಕೆ ಹೇಳಲಿಲ್ಲ ಎಂದು ಕೇಳಿದ.

ಯಾವ ಮುದುಕಿ?

"ಶಾಂತವ್ವ."

ನನಗೆ ಅರ್ಥವಾಗಲಿಲ್ಲ. ಈಗಷ್ಟೇ ಮಾತಾಡಿಸಿ ಬಂದೆ, ಬದುಕಿದ್ದಾರೆ ಎಂದೆ. ಮಹಬೂಬ ಚಹಾದ ಸಾಣಿಗೆ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತುಬಿಟ್ಟ.

"ಖರೇ ಹೇಳ್ರಿ?"

"ಖರೇ."

"ಮತ್ತ ಗಂಟಿ ಯಾಕ ಬದಲಾತು?"

ಆಗ ಮಹಬೂಬ ಹೇಳಿದ್ದನ್ನು ನಾನು ಇತಿಹಾಸದ ಎರಡು ಪುಟದಲ್ಲಿ ಬರೆದಿರಲಿಲ್ಲ. ಅರ್ಧ ಬರೆದಿದ್ದೆ. ಶಾಂತಮ್ಮ ಹೊಸ ಸೊಸೆಯಾಗಿದ್ದಾಗ ಒಂದು ವರ್ಷ ಹಳ್ಳ ಬಂದು ನಡುಗಡ್ಡಿಯ ಗುಡಿಸಲುಗಳೆಲ್ಲ ಮುಳುಗಿದವು, ಜನ ಚರ್ಚಿನ ಕಲ್ಲಿನ ಮಾಳಿಗೆ ಹತ್ತಿ ಮೂರು ದಿನ ಕೂತರು, ಯಾರೂ ಸಾಯಲಿಲ್ಲ. ಇಷ್ಟನ್ನು ನಾನು ಬರೆದಿದ್ದೆ. ಆ ಮೂರು ದಿನ ಏನು ಮಾಡಿದರು ಎಂದು ಕೇಳಿರಲಿಲ್ಲ.

ಅವರು ಗಂಟೆ ಹೊಡೆದರು. ಬೇವಿನ ಕೊಂಬೆಯ ರೈಲು ಹಳಿ ಮಾಳಿಗೆಯಿಂದ ಕೈಗೆಟಕುತ್ತಿತ್ತು. ಮಳೆಯಲ್ಲಿ ಈ ದಂಡೆಯಿಂದ ಆ ದಂಡೆ ಕಾಣದು. ಬದುಕಿದ್ದೇವೆ ಎಂದು ತಿಳಿಸುವುದು ಹೇಗೆ? ಒಂದೊಂದು ಮನೆಯವರು ಸರದಿಯ ಮೇಲೆ ಹೊಡೆದರು. ಎಲ್ಲರೂ ಇದ್ದಾರೆ ಎಂದು ಗೊತ್ತಾಗಬೇಕಲ್ಲ, ಒಂದೊಂದು ಮನೆಗೆ ಒಂದೊಂದು ಬಗೆಯ ಬಡಿತ. ಈ ದಂಡೆಯಲ್ಲಿ ಮಹಬೂಬನ ಅಪ್ಪ ಗೋಣಿಚೀಲ ಹೊದ್ದುಕೊಂಡು ಮೂರು ದಿನವೂ ಕೇಳುತ್ತ ಕೂತಿದ್ದ. ಒಂಬತ್ತು ಬಡಿತ ಬಂದರೆ ಒಂಬತ್ತು ಮನೆ ಇದೆ. ಎಂಟೇ ಬಂದರೆ ಒಂದು ಹೋಯಿತು.

"ನಮ್ಮ ಅಬ್ಬಾ ಸಾಯೋತನಕ ಒಂಬತ್ತೂ ಬಡಿತ ಬೆರಳಿಲೆ ಬಡದು ತೋರಸ್ತಿದ್ದ" ಎಂದು ಮಹಬೂಬ ಬೆಂಚಿನ ಮೇಲೆ ಬೆರಳು ಬಡಿದ. ಮೂರು, ಸ್ವಲ್ಪ ತಡೆದು ಎರಡು. "ಇದು ಶಾಂತವ್ವನ ಮನಿದು."

ಪಾಳಿ ಹುಟ್ಟಿದ್ದು ಅಲ್ಲಿ. ಬಡಿತ ಇವತ್ತಿಗೂ ಹಾಗೇ ಉಳಿದಿದೆ. ಯಾವ ಮನೆಯ ವಾರವೋ ಆ ಮನೆಯ ಬಡಿತ. ಮಹಬೂಬ ಅದನ್ನು ಕೇಳಿಕೊಂಡೇ ಒಲೆ ಹಚ್ಚುತ್ತಾನೆ, ಅದನ್ನು ಕೇಳಿಕೊಂಡೇ ಸಂಜೆಯ ನಮಾಜಿಗೆ ತಯಾರಾಗುತ್ತಾನೆ. ಹೋದ ಭಾನುವಾರದಿಂದ ಶಾಂತಮ್ಮನ ಬಡಿತ ಬರಬೇಕಿತ್ತು. ಪಾಳಿಯಲ್ಲಿ ಅವರ ನಂತರದ ಬಾಲಮ್ಮನ ಮನೆಯದು ಬಂತು. ಪಾಳಿಯಿಂದ ಮನೆ ಬಿಡುವುದು ಸತ್ತಾಗ ಮಾತ್ರ. ಮಹಬೂಬ ಮರುದಿನ ಅರ್ಧ ದಿನ ಅಂಗಡಿ ಮುಚ್ಚಿದ್ದನಂತೆ.

ಸತ್ತವರ ಬಿಪಿ ಯಾಕ ನೋಡ್ತೀರಿ ಎಂದರೆ ಏನೆಂದು ಆಗ ಗೊತ್ತಾಯಿತು. ಅವರದು ಮುನಿಸಲ್ಲ, ಸಿಟ್ಟಿನ ಮಾತಲ್ಲ. ಅವರ ಊರಿನ ಲೆಕ್ಕದಲ್ಲಿ ಅದು ಬರೀ ವರದಿ. ನಾನು ಒಬ್ಬ ಹೆಂಗಸಿಗೆ ಲ್ಯಾಮಿನೇಷನ್ ಹಾಕಿಸಿ ಮರಣದ ಸರ್ಟಿಫಿಕೇಟ್ ಕೊಟ್ಟಿದ್ದೆ.

ರಾಯಪ್ಪನಿಗೆ ಫೋನ್ ಮಾಡಿದೆ. ಐದು ನಿಮಿಷದಲ್ಲಿ ಆಚೆ ದಂಡೆಗೆ ಛತ್ರಿ ಹಿಡಿದು ಬಂದು ನಿಂತರು. ನಾನಿಲ್ಲಿ, ಅವರಲ್ಲಿ, ನಡುವೆ ನೀರು, ಕಿವಿಯಲ್ಲಿ ಫೋನು. ತಪ್ಪು ನನ್ನದು ಎಂದೆ. ಅವರು ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ ಹೇಳಿದ್ದು: ನೀವು ವಾರವಾರ ಶಾಂತವ್ವನ ಮನೆಗೆ ಹೋಗುವವರು, ಅವಳನ್ನು ಕೇಳಿಯೇ ಬರೆದಿದ್ದೀರಿ ಅಂದುಕೊಂಡೆವು. ಅವಳೇ ಪಾಳಿ ಬಿಟ್ಟುಕೊಟ್ಟಳು ಎಂದು ತಿಳಿದೆವು. ಬಾಲಮ್ಮ ಚಾವಿ ಹಿಡಿಯುವಾಗ ಅತ್ತಳು.

ಅಂದರೆ ಊರವರು ತನ್ನನ್ನು ಬಿಟ್ಟರು ಎಂದು ಶಾಂತಮ್ಮ ಕುಸನೂರಿನಲ್ಲಿ ಊಟ ಬಿಟ್ಟಿದ್ದಾರೆ. ಅವಳು ತಮ್ಮನ್ನು ಬಿಟ್ಟಳು ಎಂದು ಊರವರು ನಡುಗಡ್ಡಿಯಲ್ಲಿ ಅತ್ತಿದ್ದಾರೆ. ನಡುವೆ ನಾಲ್ಕು ತೂತಿನ ನನ್ನ ಪಟ್ಟಿ.

"ಸಂಜೀ ಗಂಟಿ ಇನ್ನಾ ಶಾಂತಮ್ಮನದೇ ಅಲ್ರಿ? ಚಾವಿ ಅವರ ಕೈಯಾಗ ಇರಬೇಕು" ಎಂದೆ.

"ಗುಡಿಗಿ ಕೀಲಿ ಹಾಕೂದು ಬ್ಯಾಡೇನ್ರಿ ಸಿಸ್ಟರ್?" ಎಂದರು ರಾಯಪ್ಪ. ಆಮೇಲೆ ತಾವೇ ನಕ್ಕರು. "ಸುತ್ತಾ ಹಳ್ಳ ಬಂದದ. ಕಳ್ಳ ಈಸಾಡ್ಕೊಂತ ಬಂದ್ರ ಅವಗ ಮೊದಲು ಚಾ ಕೊಡ್ತೀವಿ ತಗೋರಿ."

ಎರಡು ದಂಡೆಯ ಬೇವಿನ ಮರಗಳಿಗೆ ಒಂದು ಹಗ್ಗ, ಎರಡು ರಾಟೆ, ಒಂದು ಬುಟ್ಟಿ. ಕಲ್ಲು ಏರಿಸಿ ಇಳಿಸಿದ ಜನಕ್ಕೆ ಇದೇನು ದೊಡ್ಡದಲ್ಲ. ಮಳೆಗಾಲದಲ್ಲಿ ಅವರ ಹಾಲು, ಔಷಧ, ಮಕ್ಕಳ ಪುಸ್ತಕ ಎಲ್ಲ ಆ ಬುಟ್ಟಿಯಲ್ಲೇ. ಬಾಲಮ್ಮ ಓಡಿಬಂದು ಚಾವಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಳು. ಮಹಬೂಬ ಈ ಕಡೆಯಿಂದ ಹಗ್ಗ ಎಳೆದ. ಬುಟ್ಟಿ ನಡುನೀರಿನ ಮೇಲೆ ತೂಗಾಡುತ್ತಿರುವಾಗ ರಾಯಪ್ಪ ಫೋನಿನಲ್ಲಿ, "ಬರಕೋರಿ ಸಿಸ್ಟರ್. ರಿಪೋರ್ಟ್ ಇಲ್ಲದ ಚಾವಿ ಆಕಿ ಮುಟ್ಟಲ್ಲ" ಎಂದರು. ಅವರು ಹೇಳಿದರು, ನಾನು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಬರೆದೆ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಹಳ್ಳದ ಆಚೆಯಿಂದ ಚಾರ್ಜ್ ತಗೊಂಡದ್ದು ಅದೇ ಮೊದಲು.

ಬುಟ್ಟಿಯಲ್ಲಿ ಚಾವಿಯ ಜೊತೆ ಒಂದು ಚಿಪ್ಪು ಕೆಂಪು ಬಾಳೆಹಣ್ಣೂ ಇತ್ತು. ಶಾಂತವ್ವಗ ಎಂದು ಬಾಲಮ್ಮ ಆಚೆಯಿಂದ ಕೈಸನ್ನೆ ಮಾಡಿದಳು. ಮಹಬೂಬ ಚಹಾದ ರೊಕ್ಕ ಮುಟ್ಟಲಿಲ್ಲ.

ಕಮಲಾಪುರಕ್ಕೆ ಬಸ್ಸು ಬರುವುದೇ ಮೂರು ತಾಸು ತಡವಾಯಿತು. ದಾರಿಯಲ್ಲಿ ಒಂದು ಕಡೆ ಮರ ಬಿದ್ದು ಒಂದೂವರೆ ತಾಸು ನಿಂತಿತು. ನಾನು ಗಡಿಯಾರ ನೋಡುವುದು ಬಿಟ್ಟು ಚಾವಿ ಹಿಡಿದು ಕೂತೆ. ಅಂಗೈ ಅಗಲದ ಕಬ್ಬಿಣದ ಚಾವಿ. ನಡುವೆ ಸವೆದು ತೆಳ್ಳಗಾಗಿದೆ. ಎಷ್ಟು ಶನಿವಾರ, ಎಷ್ಟು ಹೆಬ್ಬೆರಳು ಅದನ್ನು ಹಾಗೆ ಮಾಡಿದವೋ.

ಕೂತಲ್ಲೇ ಯೋಚನೆ ಬಂತು. ನಾವೆಲ್ಲ ದಿನಾ ಎಷ್ಟು ಪಟ್ಟಿ ಮಾಡುತ್ತೇವೆ? ಮದುವೆಯ ಕರೆಯೋಲೆಯ ಪಟ್ಟಿ, ಕಾಲೊನಿಯ ವಾಟ್ಸಾಪ್ ಗ್ರೂಪು, ಹಬ್ಬಕ್ಕೆ ಊಟಕ್ಕೆ ಕರೆಯುವವರ ಪಟ್ಟಿ. "ಅವರಿಗೆ ಬರಲಿಕ್ಕಾಗುವುದಿಲ್ಲ, ಪಾಪ, ಯಾಕೆ ತೊಂದರೆ" ಎಂದು ಎಷ್ಟು ಹೆಸರು ಬಿಟ್ಟಿದ್ದೇವೆ? ದಯೆಯಿಂದಲೇ ಬಿಟ್ಟಿದ್ದೇವೆ. ಅವರನ್ನು ಒಂದು ಮಾತು ಕೇಳಿದ್ದೇವೆಯೇ? ಮೂವತ್ತು ಜನ ಹಿಡಿಯುವ ಒಂದು ಕಲ್ಲಿನ ಗುಡಿ, ಓದು ಹೆಚ್ಚಿಲ್ಲದ ಕಲ್ಲುಕುಟಿಗರು. ಮಲಗಿದವಳ ಕೆಲಸವನ್ನು ಅವಳಿಂದ ಕಸಿಯದೆ, ಅವಳ ಹೆಸರಿನಲ್ಲೇ ಮಾಡಬೇಕು ಎನ್ನುವುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಅದಕ್ಕಾಗಿ ಒಂಬತ್ತು ವಾರಕ್ಕೊಮ್ಮೆ ಒಬ್ಬರು ಬಸ್ಸಿನ ಟಿಕೆಟ್ ತೆಗೆಯುತ್ತಿದ್ದರು. ಇಂಥ ನರ್ಸಿಂಗ್ ನನಗೆ ಬರುತ್ತಿರಲಿಲ್ಲ.

ಐದು ಗಂಟೆ ಮೂವತ್ತೈದು ನಿಮಿಷ. ಕುಸನೂರ. ಶಾಂತಮ್ಮ ಬೆಳಗ್ಗೆ ಹೇಗೆ ಮಲಗಿದ್ದರೋ ಹಾಗೇ ಇದ್ದರು. ನಾನು ಕ್ಷಮೆ ಕೇಳಲು ಬಸ್ಸಿನಲ್ಲಿ ನಾಲ್ಕು ಮಾತು ಹೊಂದಿಸಿಕೊಂಡು ಬಂದಿದ್ದೆ. ಅದಕ್ಕೂ ಮೊದಲು ಚಾವಿಯನ್ನು ಕಣ್ಣೆದುರು ಹಿಡಿದೆ.

ನೋಡಿದರು. ಮುಟ್ಟಲಿಲ್ಲ.

"ರಿಪೋರ್ಟ್?"

ನಿಂತುಕೊಂಡೇ ಹೇಳಿದೆ. ದೀಪದ ಎಣ್ಣೆ ಅರ್ಧ ಬಾಟಲಿ. ಮಾಳಿಗೆ ಸೋರುತ್ತಿಲ್ಲ. ಗಂಟೆಯ ಹಗ್ಗ ಸವೆದಿದೆ, ಹೊಸದು ತಂದಿದ್ದಾರೆ, ಕಟ್ಟಿಲ್ಲ. ಬಾಲಮ್ಮನ ಅತ್ತೆಗೆ ಮೊಣಕಾಲು ನೋವು. ರಾಯಪ್ಪನ ಮೊಮ್ಮಗಳು ಹೆತ್ತಿದ್ದಾಳೆ, ಹೆಣ್ಣು.

"ಕೂಸು ಹಾಲು ಕುಡೀಲಾಕತ್ತದೇನು?"

ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

"ಇಷ್ಟ ವರ್ಷ ಬರದೀರಿ ಸಿಸ್ಟರ್," ಎಂದರು ಶಾಂತಮ್ಮ, "ಕೇಳೂದು ಇನ್ನಾ ಕಲೀಲಿಲ್ಲ." ಬೆಳಗ್ಗೆಯಿಂದ ಮೊದಲ ಸಲ ಅವರ ಮುಖದಲ್ಲಿ ನಗೆಯ ಎಳೆ ಕಂಡಿತು. ವಿಮಲಾ ರಾಯಪ್ಪನಿಗೆ ಫೋನ್ ಹಚ್ಚಿ ಕೇಳಿದಳು. ಕುಡಿಯುತ್ತಿದೆ. ಚೆನ್ನಾಗಿ ಕುಡಿಯುತ್ತಿದೆ. ಆಗ ಶಾಂತಮ್ಮ ಬಲಗೈ ಬಿಚ್ಚಿದರು. ಚಾವಿ ಇಟ್ಟೆ. ಬೆರಳು ಮುಚ್ಚಿಕೊಂಡವು.

ಫೋನ್ ಸ್ಪೀಕರಿಗೆ ಹಾಕಿ ದಿಂಬಿನ ಮೇಲೆ ಇಟ್ಟೆವು. ಆಚೆ ಮಳೆಯ ಸದ್ದು, ಯಾರೋ ಕೆಮ್ಮಿದ ಸದ್ದು. ಆರು ಗಂಟೆ. ಮೂರು ಬಡಿತ. ತುಸು ತಡೆದು, ಎರಡು.

ದಂಡೆಯಲ್ಲಿ ಮಹಬೂಬನೂ ಕೇಳಿರುತ್ತಾನೆ.

ಚಾವಿ ನಾಳೆ ಫಾದರ್ ಜೊತೆ ಹೋಗುತ್ತದೆ, ನೀರು ಇಳಿಯದಿದ್ದರೆ ಬುಟ್ಟಿಯಲ್ಲಿ. ಹೊಸ ಪಟ್ಟಿ ಮಾಡಿಸಿ ಕಳಿಸಲೇ ಎಂದು ಫೋನಿನಲ್ಲೇ ಕೇಳಿದೆ. ರಾಯಪ್ಪ ಬೇಡವೆಂದರು. ಹಳೆಯದರ ಕೆಳಗೇ ಗೋಡೆಯ ಮೇಲೆ ಸುಣ್ಣದಲ್ಲಿ ಒಂಬತ್ತನೇ ಹೆಸರು ಬರೆದಾಗಿದೆಯಂತೆ. ಸಾಲಿಗೆ ಕೂಡಿಲ್ಲ, ಸೊಟ್ಟಗಿದೆಯಂತೆ. ಇರಲಿ.

ಸಂಜೆ ಆರು ಗಂಟೆ ಹತ್ತು ನಿಮಿಷ. ಬಾಳೆಹಣ್ಣು ಒಂದು ಪೂರ್ತಿ ತಿಂದ ಮೇಲೆ ಶಾಂತಮ್ಮ ಚಾವಿಯನ್ನು ದಿಂಬಿನ ಕೆಳಗೆ ಸರಿಸಿ, ತಾವಾಗಿಯೇ ಕೈ ಮುಂದೆ ಚಾಚಿದರು. ಪಟ್ಟಿ ಸುತ್ತಿದೆ, ಗಾಳಿ ತುಂಬಿದೆ. ನೂರಾ ಮೂವತ್ತೆರಡು, ಎಂಬತ್ತು.

ಬದುಕಿರುವವರ ಬಿಪಿ. ಬರೆದುಕೊಂಡೆ.